ಸ್ವಂತ ವಾಕ್ಯದಲ್ಲಿ ಬಳಸಿರಿ

ನಾನು ಇಂಗ್ಲಿಷ್ ಕಲಿತದ್ದು ಕಳ್ಳತನದಿಂದ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಹೇಳಿದರೆ ಎಲ್ಲಿ ಏನು ಕದ್ದೆ ಎಂಬ ಪ್ರಶ್ನೆ ಬರುತ್ತದೆ, ಅದಕ್ಕೆ ಉತ್ತರ ಹೇಳಹೊರಟರೆ ದೆವ್ವದ ವಿಷಯ ಬರುತ್ತದೆ, ದೆವ್ವದ ವಿಷಯ ಬಂದಮೇಲೆ ಅದು ಯಾರ ದೆವ್ವ ಎಂದೂ ಹೇಳಬೇಕಾಗುತ್ತದೆ. ನಿಮ್ಮ ಹತ್ತಿರವಾದರೆ ಹೇಳಬಹುದು. ಬಾಗಿಲು ಮುಂದೆ ಮಾಡಿ ಕೂತುಕೊಳ್ಳಿ.

ಕದ್ದದ್ದು ಒಂದು ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದಿದ್ದ ಪದಗಳನ್ನು. ನೋಟ್‌ಬುಕ್ಕನ್ನು ಇದ್ದಲ್ಲೇ ಇಟ್ಟುಬಂದಿದ್ದೇನೆ, ಒಂದು ಹಾಳೆಯ ಮೂಲೆಯನ್ನೂ ಮಡಚಿಲ್ಲ. ಆದರೂ ಇನ್ನೊಬ್ಬರ ನೋಟ್‌ಬುಕ್ ತೆರೆದು, ನಿಂತಲ್ಲೇ ಓದಿ, ಮೆಟ್ಟಿಲಲ್ಲಿ ಸದ್ದಾದ ಕೂಡಲೇ ಮುಚ್ಚಿಟ್ಟು, ಏನೂ ಅರಿಯದವಳ ಹಾಗೆ ದಿಂಬಿನ ಕವರ್ ಮಡಿಸುತ್ತ ನಿಂತರೆ ಅದಕ್ಕೆ ಕಳ್ಳತನ ಅನ್ನದೆ ಇನ್ನೇನು ಅನ್ನಬೇಕು?

ಹೊಸ ಶತಮಾನಕ್ಕೆ ಐದಾರು ವರ್ಷ ತುಂಬಿದ್ದ ಕಾಲ. ಕಾರ್ಡ್ ಕೆರೆದು, ಅದರ ನಂಬರ್ ಒತ್ತಿ, ಊರಿಗೆ ಫೋನ್ ಮಾಡುತ್ತಿದ್ದೆವು. ನನ್ನ ಗಂಡ ರಘು ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಲ್ಲಿ ವಿಮಾನದ ಎಂಜಿನ್ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಾನು ಹಿಂದಿನಿಂದ ಬಂದೆ. ಹಿಂದಿನಿಂದ ಬಂದವಳಾದ್ದರಿಂದ ನನ್ನ ಪರ್ಸೊನ್‌ನುಮ್ಮರ್ ಕೂಡ ಹಿಂದೆ ಉಳಿಯಿತು. ಅದು ಇಲ್ಲಿನ ಸರ್ಕಾರ ಪ್ರತಿಯೊಬ್ಬರಿಗೂ ಕೊಡುವ ಸಂಖ್ಯೆ. ಅದಿಲ್ಲದೆ ಬ್ಯಾಂಕಿಲ್ಲ, ಲೈಬ್ರರಿ ಕಾರ್ಡಿಲ್ಲ, ಸ್ವೀಡಿಶ್ ಕಲಿಸುವ ಸರ್ಕಾರಿ ತರಗತಿಯಿಲ್ಲ. ಬಾಗಿಲ ಮೇಲಿನ ಹೆಸರಿನ ಪಟ್ಟಿಯಲ್ಲಿ ರಘು ಹೆಸರು ಮಾತ್ರ ಇತ್ತು. ಕಾಗದದ ಮಟ್ಟಿಗೆ ಹೇಳುವುದಾದರೆ ಆ ದೇಶದಲ್ಲಿ ನಾನು ಇರಲಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸ್ವೀಡಿಶ್ ಇಲ್ಲದಿದ್ದರೆ ಪರವಾಗಿಲ್ಲ, ಇಂಗ್ಲಿಷ್ ಸಾಕು ಎಂದು ಎಲ್ಲರೂ ಧೈರ್ಯ ಹೇಳಿದರು. ಅಲ್ಲೇ ನನ್ನ ಧೈರ್ಯ ಹೋದದ್ದು. ನಾನು ಬೆಂಗಳೂರಿನ ಒಂದು ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸಿನ ಮೇಷ್ಟ್ರಾಗಿದ್ದವಳು. ಇಂಗ್ಲಿಷ್ ಓದಿದರೆ ತಿಳಿಯುತ್ತಿತ್ತು, ಬಾಯಿ ತೆರೆದರೆ ಬರುತ್ತಿರಲಿಲ್ಲ. ರಘು ಆಫೀಸಿನವರು ಒಮ್ಮೆ ಮನೆಯವರನ್ನೆಲ್ಲ ಫಿಕಾಕ್ಕೆ ಕರೆದರು. ಫಿಕಾ ಎಂದರೆ ಕಾಫಿ, ದಾಲ್ಚಿನ್ನಿ ಬನ್ನು, ಜೊತೆಗೆ ಮಾತು. ಕಾಫಿ ಬನ್ನು ಎರಡನ್ನೂ ನಿಭಾಯಿಸಿದೆ. ಊರು ಹೇಗಿದೆ ಎಂದು ಕೇಳಿದರು, "ಗುಡ್" ಅಂದೆ. ಚಳಿ ಹೇಗಿದೆ ಅಂದರು, "ಗುಡ್" ಅಂದೆ. ಇಡೀ ದಿನ ಹೇಗೆ ಕಳೆಯುತ್ತೀರಿ ಎಂದು ಒಬ್ಬಾಕೆ ಅಕ್ಕರೆಯಿಂದಲೇ ಕೇಳಿದರು. ಅದಕ್ಕೂ "ಗುಡ್" ಅಂದು ಬನ್ನಿನಲ್ಲಿ ಬಾಯಿ ಮುಚ್ಚಿಕೊಂಡೆ.

ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಐದನೇ ಕ್ಲಾಸು ಕಣ್ಣ ಮುಂದೆ ಬಂದು ನಿಂತಿತು. ಪಾಠದ ಕೊನೆಯಲ್ಲಿ ಒಂದು ಅಭ್ಯಾಸ ಇರುತ್ತದಲ್ಲ, 'ಈ ಕೆಳಗಿನ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ'. ನಮ್ಮ ಮಕ್ಕಳು ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಯಾವ ಪದ ಕೊಟ್ಟರೂ ಅದರ ಮುಂದೆ 'ಒಳ್ಳೆಯದು' ಸೇರಿಸುವುದು. ಧೈರ್ಯ ಒಳ್ಳೆಯದು. ಪರ್ವತ ಒಳ್ಳೆಯದು. ಜ್ವರ ಒಳ್ಳೆಯದು. ಜ್ವರ ಒಳ್ಳೆಯದು ಎಂದು ಬರೆದವಳನ್ನು ನಾನು ಎದ್ದು ನಿಲ್ಲಿಸಿ, "ಇದು ಯಾರ ವಾಕ್ಯ? ನಿನ್ನ ಸ್ವಂತದ್ದಾ?" ಎಂದು ಗದರಿದ್ದೆ. ಆ ಹುಡುಗಿಯ ಶಾಪವೇ ತಟ್ಟಿರಬೇಕು ಅನ್ನಿಸಿತು.

ಅಂದಿನಿಂದ ದಿನಕ್ಕೆ ಹತ್ತು ಪದ ಎಂದು ವ್ರತ ಹಿಡಿದೆ. ಸೂಟ್‌ಕೇಸಿನಲ್ಲಿ ಬಂದಿದ್ದ ಡಿಕ್ಷನರಿ ತೆಗೆದೆ. ಪದದ ಅರ್ಥವನ್ನು ಪದಗಳಲ್ಲೇ ಹೇಳುವುದು ಎಂಥ ಪೇಚಿನ ಕೆಲಸ ಎಂದು ಆಗ ತಿಳಿಯಿತು. ದುಃಖ ಎಂದರೆ ವ್ಯಥೆ, ವ್ಯಥೆ ಎಂದರೆ ಶೋಕ, ಶೋಕ ಎಂದರೆ ಮತ್ತೆ ದುಃಖ. ಮೂರು ಹಾಳೆ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುತ್ತೀರಿ. ನಮ್ಮ ಹಿಂದಿನ ಶಾಸ್ತ್ರಕಾರರು ಈ ವಿಷಯದಲ್ಲಿ ಬುದ್ಧಿವಂತರು. ಒಂದು ಸಾಲಿನಲ್ಲಿ ಲಕ್ಷಣ ಹೇಳಿದರೆ ಮರುಸಾಲಿನಲ್ಲೇ ಉದಾಹರಣೆ ಕೊಡುತ್ತಾರೆ. ತರ್ಕ ಓದುವವರಿಗೆ ಮೊದಲು ಹೇಳುವುದೇ ಗುಡ್ಡದ ಮೇಲಿನ ಹೊಗೆಯ ಕಥೆ. ಹೊಗೆ ಕಂಡರೆ ಬೆಂಕಿ ಇದೆ ಎಂದು ಊಹಿಸಬೇಕು, ಯಾಕೆಂದರೆ ಅಡುಗೆಮನೆಯಲ್ಲಿ ಹಾಗೇ ನೋಡಿದ್ದೇವೆ. ಅಷ್ಟು ದೊಡ್ಡ ಶಾಸ್ತ್ರ ಕೊನೆಗೆ ಬಂದು ಕೂರುವುದು ಯಾರದೋ ಮನೆಯ ಒಲೆಯ ಮುಂದೆ. ನನ್ನ ಡಿಕ್ಷನರಿಗೆ ಒಲೆಯೇ ಇರಲಿಲ್ಲ.

ಹಾಗಿರುವಾಗ ಸಿಕ್ಕಿತು ಆ ನೋಟ್‌ಬುಕ್ಕು.

ಸಿಕ್ಕಿದ್ದು ನೆಲಮಾಳಿಗೆಯಲ್ಲಿ, ಇಡೀ ಕಟ್ಟಡಕ್ಕೆ ಸೇರಿದ ಬಟ್ಟೆ ಒಗೆಯುವ ಕೋಣೆಯಲ್ಲಿ. ನಮ್ಮದು ಮೂರು ಅಂತಸ್ತಿನ, ಒಂಬತ್ತು ಮನೆಗಳ ಕಟ್ಟಡ. ಯಾರು ಯಾವಾಗ ಒಗೆಯಬೇಕು ಎನ್ನುವುದಕ್ಕೆ ಗೋಡೆಯಲ್ಲಿ ಒಂದು ಹಲಗೆ, ಹಲಗೆಯಲ್ಲಿ ತಾರೀಕು ಹೊತ್ತುಗಳ ತೂತುಗಳು. ನಮ್ಮ ಮನೆಯ ನಂಬರಿರುವ ಬೆರಳುದ್ದದ ಬೀಗವನ್ನು ಬೇಕಾದ ತೂತಿಗೆ ಹಾಕಿ ತಿರುಗಿಸಿದರೆ ಆ ಹೊತ್ತು ನಮ್ಮದು. ನನ್ನದು ಗುರುವಾರ ಮಧ್ಯಾಹ್ನ ಒಂದರಿಂದ ನಾಲ್ಕು. ಅಲ್ಲಿ ಒಬ್ಬರ ಹೊತ್ತಿನಲ್ಲಿ ಇನ್ನೊಬ್ಬರು ಕಾಲಿಡುವುದಿಲ್ಲ, ಒಬ್ಬರು ಬಿಟ್ಟುಹೋದದ್ದನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಪರ್ಸು ಮರೆತರೂ ಮುಂದಿನ ವಾರ ಅಲ್ಲೇ ಇರುತ್ತದೆ. ಸೋಪಿನ ಪುಡಿಯ ಡಬ್ಬಗಳ ಪಕ್ಕದಲ್ಲಿ ಆ ನೋಟ್‌ಬುಕ್ ಅಷ್ಟು ನಿಶ್ಚಿಂತೆಯಿಂದ ಬಿದ್ದುಕೊಂಡಿದ್ದದ್ದು ಆ ನಂಬಿಕೆಯಿಂದಲೇ. ಬೆಂಗಳೂರಿನಿಂದ ಒಬ್ಬಳು ಬಂದಿದ್ದಾಳೆ ಎಂದು ಅದಕ್ಕೇನು ಗೊತ್ತು.

ತೆರೆದರೆ ಇಂಗ್ಲಿಷ್! ಬಲಕ್ಕೆ ವಾಲಿದ, ಹಳೆಯ ಕಾಲದ ಶಾಲೆಯ ದುಂಡು ಅಕ್ಷರ. ಒಂದು ಪದ, ಅದರ ಮುಂದೆ ಅರ್ಥ, ಕೆಳಗೆ ಒಂದು ಉದಾಹರಣೆ ವಾಕ್ಯ. ಸಂಜೆಯ ತರಗತಿಗೆ ಹೋಗಿ ಇಂಗ್ಲಿಷ್ ಕಲಿಯುತ್ತಿರುವ ಯಾರೋ, ಯಂತ್ರ ತಿರುಗುವಷ್ಟು ಹೊತ್ತು ಇಲ್ಲಿ ಕೂತು ಬರೆಯುತ್ತಾರೆ ಎಂದು ತಿಳಿಯಿತು. ಆ ವಾಕ್ಯಗಳನ್ನು ನೋಡಬೇಕಿತ್ತು ನೀವು. 'ಕೆಟಲ್: ನೀರು ಕಾಯಿಸುವ ಪಾತ್ರೆ. ನನ್ನ ಕೆಟಲ್ ಹಳೆಯದು, ನಾನೂ ಹಳೆಯವಳು, ಇಬ್ಬರೂ ಬೇಗ ಕಾಯುವುದಿಲ್ಲ.' 'ವಿಡೋ: ಗಂಡನನ್ನು ಕಳೆದುಕೊಂಡವಳು. ನಾನು ಹನ್ನೊಂದು ವರ್ಷದಿಂದ ವಿಡೋ, ಈಗ ಗೊರಕೆಯಿಲ್ಲದೆ ಒಳ್ಳೆಯ ನಿದ್ದೆ ಬರುತ್ತದೆ.' ನನ್ನ ಸರ್ವಿಸಿನಲ್ಲಿ ಯಾವ ಮಗುವೂ ಬರೆಯದಿದ್ದ ಸ್ವಂತ ವಾಕ್ಯಗಳು! ನಿಂತು ಓದಿದೆ, ಮನೆಗೆ ಬಂದು ನೆನಪಿನಿಂದ ನನ್ನ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಗುರುವಾರಕ್ಕೆ ಕಾಯತೊಡಗಿದೆ. ಒಗೆಯಲು ಬಟ್ಟೆ ಸಾಲದಿದ್ದಾಗ ಒಗೆದ ಟವೆಲ್ಲುಗಳನ್ನೇ ಮತ್ತೆ ಹೊತ್ತು ಇಳಿದದ್ದೂ ಉಂಟು.

ಬರೆಯುವಾಕೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು, ಮೂವತ್ತೊಂದು ವರ್ಷದಿಂದ ಇದೇ ಕಟ್ಟಡದಲ್ಲಿರುವವರು ಎಂದು ವಾಕ್ಯಗಳಿಂದಲೇ ಗೊತ್ತಾಯಿತು. ಯಾವ ಮನೆ ಎಂದು ಮಾತ್ರ ಗೊತ್ತಿರಲಿಲ್ಲ. ನನಗಿಂತ ಮುಂಚಿನ ಹೊತ್ತಿಗೆ ಹಾಕಿದ ಬೀಗದ ನಂಬರು ನೋಡಿದ್ದರೆ ಸಾಕಿತ್ತು. ಬೇಕೆಂದೇ ನೋಡಲಿಲ್ಲ. ಮುಖ ಪರಿಚಯವಾದಮೇಲೆ ಕದಿಯುವುದಕ್ಕೆ ನಾಚಿಕೆಯಾಗುತ್ತದೆ.

ನವೆಂಬರ್ ಬಂತು. ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲು. ನೋಟ್‌ಬುಕ್ಕಿನ ದನಿಯೂ ಬದಲಾಯಿತು.

'ಚೈನ್: ಒಂದಕ್ಕೊಂದು ಸೇರಿಸಿದ ಲೋಹದ ಬಳೆಗಳು. ನನ್ನ ಮನೆಯಲ್ಲಿ ಯಾರೋ ಸಣ್ಣ ಚೈನ್ ಎಳೆದುಕೊಂಡು ನಡೆಯುತ್ತಾರೆ. ನಾನು ನಿಂತರೆ ಅವರೂ ನಿಲ್ಲುತ್ತಾರೆ.'

ಇದನ್ನು ಓದಿದಾಗ ನನ್ನ ಹಿಂದೆ ಯಂತ್ರ ಗಡಗಡನೆ ತಿರುಗುತ್ತಿತ್ತು. ಅದು ಒಮ್ಮೆಲೇ ನಿಂತಿತು. ನೀರು ಬಿಡುವ ಮೊದಲು ಯಾವಾಗಲೂ ನಿಲ್ಲುತ್ತದೆ, ಅಂದೂ ನಿಂತಿತು, ಅಷ್ಟೆ. ನಾನು ಮಾತ್ರ ಒದ್ದೆ ಬಟ್ಟೆಯನ್ನೇ ಬುಟ್ಟಿಗೆ ತುಂಬಿಕೊಂಡು ಎರಡೆರಡು ಮೆಟ್ಟಿಲು ಹತ್ತಿದೆ.

ಮುಂದಿನ ವಾರ ಹೋಗಬಾರದು ಎಂದುಕೊಂಡವಳು ಗಂಟೆ ಒಂದಾಗುತ್ತಲೇ ಇಳಿದೆ. 'ಶ್ರೀಕ್: ಹೆದರಿಕೆ ಅಥವಾ ನೋವಿನಿಂದ ಕಿರುಚುವುದು. ಹನ್ನೊಂದು ಗಂಟೆಗೆ ಮೂರು ಶ್ರೀಕ್, ಆಮೇಲೆ ಮೌನ. ಪ್ರತಿ ದಿನ.' ಅದರ ಕೆಳಗೆ, 'ವಿಸ್ಪರ್: ಪಿಸುಗುಡುವುದು. ನೆಲಮಾಳಿಗೆಯಲ್ಲಿ ಯಾರೋ ವಿಸ್ಪರ್ ಮಾಡುತ್ತಾರೆ, ಅಂಕಿ ಎಣಿಸುವ ಹಾಗೆ.' ನಾನು ನಿಂತಿದ್ದದ್ದು ನೆಲಮಾಳಿಗೆಯಲ್ಲಿ. ಕಿವಿಗೆ ರುಮಾಲು ಸುತ್ತಿಕೊಂಡು ಓದಿ ಮುಗಿಸಿದೆ. 'ವೀಪ್: ಅಳುವುದು. ನಾಲ್ಕು ಗಂಟೆಗೆ ಯಾರೋ ವೀಪ್ ಮಾಡುತ್ತಾರೆ.' ಆ ವಾಕ್ಯದ ಮೇಲೆ ಹೆಚ್ಚು ಹೊತ್ತು ನಿಲ್ಲದೆ ಹಾಳೆ ತಿರುಗಿಸಿದೆ. ಅದರ ಹಿಂಬದಿಯಲ್ಲಿತ್ತು, 'ಇನ್‌ಹೆರಿಟ್: ಹಿರಿಯರಿಂದ ಬಂದದ್ದನ್ನು ಪಡೆಯುವುದು. ಅಮ್ಮನಿಗೂ ಇಲ್ಲದ ಸದ್ದುಗಳು ಕೇಳುತ್ತಿದ್ದವು. ನಾನು ಹನ್ನೊಂದು ವರ್ಷದವಳಿದ್ದಾಗ ಅವಳನ್ನು ಆಸ್ಪತ್ರೆಗೆ ಕರೆದೊಯ್ದರು, ಮತ್ತೆ ಮನೆಗೆ ಬರಲಿಲ್ಲ. ನಾನು ಅವಳ ಕಿವಿಗಳನ್ನು ಇನ್‌ಹೆರಿಟ್ ಮಾಡಿದ್ದೇನೆ.'

ಕೊನೆಗೊಂದು ಪದ, 'ನೋಟಿಸ್'. ಕಿಟಕಿಗಳಲ್ಲಿ ಕ್ರಿಸ್ಮಸ್ಸಿನ ನಕ್ಷತ್ರ ದೀಪ ಹಚ್ಚುವ ಹೊತ್ತಿಗೆ ಸದ್ದು ನಿಲ್ಲದಿದ್ದರೆ ಮನೆ ಬಿಡುವ ನೋಟಿಸ್ ಕೊಡುತ್ತೇನೆ, ಅವರು ಬಂದು ಕರೆದೊಯ್ಯುವ ಮೊದಲು ನಾನೇ ಹೊರಟುಬಿಡುತ್ತೇನೆ ಎಂದು ಬರೆದಿದ್ದರು. ಅಕ್ಷರ ಮೊದಲಿನಷ್ಟೇ ದುಂಡಗಿತ್ತು. ಕದ್ದು ಓದಿದವಳಿಗೆ ಸಂಕಟಪಡುವ ಹಕ್ಕಿದೆಯೋ ಇಲ್ಲವೋ ತಿಳಿಯದು, ನಾನಂತೂ ಪಟ್ಟೆ.

ಸಂಜೆ ರಘುಗೆ ಹೇಳಿದೆ. "ರೀ, ಈ ಬಿಲ್ಡಿಂಗಲ್ಲಿ ಏನೋ ಇದೆ. ಒಬ್ರಿಗೆ ತುಂಬಾ ಕಾಟ ಕೊಡ್ತಿದೆ."

"ಇದ್ರೆ ಇರ್ಲಿ ಬಿಡೇ," ಎಂದು ನಕ್ಕರು. "ಸ್ವೀಡನ್ನಲ್ಲಿ ದೆವ್ವನೂ ಸ್ಲಾಟ್ ಬುಕ್ ಮಾಡ್ಕೊಂಡೇ ಬರಬೇಕು. ನಮ್ಮನೆ ಬೀಗ ಅದು ಹೇಗ್ ತೆಗಿಯುತ್ತೆ?"

ನಗುವಂಥದ್ದೇ. ಆದರೆ ಹನ್ನೊಂದಕ್ಕೆ ಸರಿಯಾಗಿ ಕಿರುಚುವ ದೆವ್ವ ಸ್ಲಾಟ್ ಬುಕ್ ಮಾಡಿದ ದೆವ್ವವೇ ಅಲ್ಲವೇ? ಈ ಊರಿನಲ್ಲಿ ಜಲಪಾತವೂ ವೇಳಾಪಟ್ಟಿಯ ಪ್ರಕಾರ ಧುಮುಕುತ್ತದೆ. ನದಿಯನ್ನು ವಿದ್ಯುತ್ತಿಗಾಗಿ ಕಟ್ಟಿಹಾಕಿ, ಬೇಸಿಗೆಯಲ್ಲಿ ಹೇಳಿದ ಹೊತ್ತಿಗೆ ಗೇಟು ತೆರೆಯುತ್ತಾರೆ. ಉಳಿದ ಹೊತ್ತು ಬರೀ ಒಣ ಬಂಡೆ. ಆ ಬಂಡೆಗಳ ಒಳಗೆ ಟ್ರೋಲ್ ಎಂಬ ಒಂದು ಬಗೆಯ ಪಿಶಾಚಿಗಳಿದ್ದವಂತೆ, ಊರಿನ ಹೆಸರೇ ಅವುಗಳಿಂದ ಬಂದದ್ದು. ಹೆಸರಿನಲ್ಲೇ ಪಿಶಾಚಿಯನ್ನು ಇಟ್ಟುಕೊಂಡ ಊರಿನಲ್ಲಿ, ಮೂರೂವರೆಗೆ ಕತ್ತಲಾಗುವ ತಿಂಗಳಲ್ಲಿ, ಒಬ್ಬಳೇ ಮನೆಯಲ್ಲಿದ್ದು ನೋಡಿ. ಆಮೇಲೆ ನಗಿ.

ನಾನು ಕೈಕಟ್ಟಿ ಕೂರುವವಳಲ್ಲ. ಅಮ್ಮ ಮಾಡುತ್ತಿದ್ದದ್ದನ್ನೆಲ್ಲ ನೆನಪು ಮಾಡಿಕೊಂಡೆ. ಬೆಳಿಗ್ಗೆ ಪೂಜೆಯಾದಮೇಲೆ ಗಂಟೆ ಬಾರಿಸುತ್ತ ಮನೆಯ ನಾಲ್ಕು ಮೂಲೆಗೂ ಹೋಗಿ ಬಂದೆ. ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಇಳಿತೆಗೆದು ಬಾಣಲೆಗೆ ಹಾಕಿ ಸುಟ್ಟೆ. ಸೂರಿನಲ್ಲಿ ಹೊಗೆ ಕಂಡರೆ ಕೂಗುವ ಒಂದು ಬಿಳಿ ಡಬ್ಬಿ ಇರುತ್ತದೆ, ಅಪ್ಪಟ ತಾರ್ಕಿಕ. ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ ಎಂದು ಅದು ಬೊಬ್ಬೆ ಹೊಡೆಯತೊಡಗಿತು. ನಾನು ಸ್ಟೂಲು ಹತ್ತಿ, ಟವೆಲ್ ಬೀಸಿ, ಅದನ್ನು ಸಮಾಧಾನ ಮಾಡುವಷ್ಟರಲ್ಲಿ ಒಲೆಯ ಮೇಲಿನ ಫ್ಯಾನು ಆ ಘಾಟನ್ನೆಲ್ಲ ಎಲ್ಲಿಗೋ ಎಳೆದುಕೊಂಡು ಹೋಯಿತು. ಎಲ್ಲಿಗೆ ಎಂದು ನಾನು ಯೋಚಿಸಲಿಲ್ಲ.

ಮುಂದಿನ ಗುರುವಾರದ ಪದ 'ಓಡರ್', ಅಂದರೆ ವಾಸನೆ. 'ಏನೋ ಸುಟ್ಟ ಓಡರ್ ಗೋಡೆಯಿಂದ ಬಂತು. ಕಣ್ಣೀರು ಬಂತು, ಕೆಮ್ಮು ಬಂತು. ಎಲ್ಲೋ ಒಂದು ಗಂಟೆ ಬಾರಿಸುತ್ತಿತ್ತು.'

ಆಗಲೂ ನನಗೆ ಹೊಳೆಯಲಿಲ್ಲ. ನೀವು ಇಷ್ಟು ಹೊತ್ತಿಗೆ ಊಹಿಸಿಬಿಟ್ಟಿರಬಹುದು. ನೀವು ಹೊರಗೆ ಕೂತು ಕೇಳುತ್ತಿದ್ದೀರಿ, ನಾನು ಒಳಗಿದ್ದೆ. ಗಂಟೆ ಎಂದರೆ ದೇವರು, ಮೆಣಸಿನಕಾಯಿ ಎಂದರೆ ರಕ್ಷಣೆ ಎಂದು ಬೆಳೆದವಳಿಗೆ ಅವುಗಳಿಂದ ಒಬ್ಬರು ಹೆದರಬಹುದು ಎಂಬ ಯೋಚನೆ ಎಲ್ಲಿಂದ ಬರಬೇಕು? ದೆವ್ವಕ್ಕೆ ನನ್ನ ಉಪಾಯ ತಿಳಿದುಹೋಗಿದೆ, ಅದು ನನ್ನನ್ನೇ ಅಣಕಿಸುತ್ತಿದೆ ಎಂದು ನಡುಗಿದೆ. ಇನ್ನು ಮನೆಯ ಒಳಗೆ ಮಾಡಿದರೆ ಸಾಲದು ಎಂದುಕೊಂಡು, ಆ ಕಾಣದ ಹೆಂಗಸಿಗೂ ಸೇರಿಸಿ ಇಡೀ ಕಟ್ಟಡಕ್ಕೆ ದೃಷ್ಟಿ ತೆಗೆದೆ. ನಿಂಬೆಹಣ್ಣು ಕುಯ್ದು, ಎರಡೂ ಹೋಳಿಗೆ ಕುಂಕುಮ ಹಚ್ಚಿ, ಬುಧವಾರ ಮಧ್ಯಾಹ್ನ ಯಾರೂ ಇಲ್ಲದಾಗ ಇಳಿದುಹೋಗಿ ಬೀದಿ ಬಾಗಿಲ ಎರಡೂ ಪಕ್ಕ ಹಿಮದ ಮೇಲೆ ಇಟ್ಟೆ. "ಅವರಿಗೆ ಒಳ್ಳೆಯದಾಗಲಿ, ಮನೆ ಬಿಡುವ ಹಾಗಾಗದಿರಲಿ" ಎಂದು ಬಾಯಿಬಿಟ್ಟೇ ಹೇಳಿ ಬಂದೆ. ಎದುರು ಮನೆಯ ಕಿಟಕಿಯಲ್ಲಿ ಮೊದಲ ನಕ್ಷತ್ರ ದೀಪ ಹಚ್ಚಿದ್ದರು.

ಮರುದಿನ ಗುರುವಾರ. ನೋಟ್‌ಬುಕ್ ತೆರೆದೆ.

'ಹಾಫ್: ಎರಡು ಸಮ ಭಾಗಗಳಲ್ಲಿ ಒಂದು. ಬೀದಿ ಬಾಗಿಲ ಬಳಿ ನಿಂಬೆಹಣ್ಣಿನ ಎರಡು ಹಾಫ್, ಒದ್ದೆ, ರಕ್ತದ ಹಾಗೆ ಕೆಂಪು. ಇದು ನನಗಾಗಿಯೇ ಇಟ್ಟದ್ದು.'

ನಿಜ. ಅವರಿಗಾಗಿಯೇ ಇಟ್ಟದ್ದು.

ಆ ಕೋಣೆಯಲ್ಲಿ ಒಂದು ಕುರ್ಚಿ ಇದೆ, ಅದರ ಮೇಲೆ ಕೂತೆ. ನನ್ನ ಕಾಲು ನೋಡಿಕೊಂಡೆ. ಉಣ್ಣೆಯ ಕಾಲುಚೀಲದ ಮೇಲೆ ಬೆಳ್ಳಿಯ ಕಾಲ್ಗೆಜ್ಜೆ, ಮದುವೆಯಲ್ಲಿ ಹಾಕಿದ್ದು, ಬಿಚ್ಚಿದ್ದೇ ಇಲ್ಲ. ಸಣ್ಣ ಚೈನು. ಹನ್ನೊಂದಕ್ಕೆ ನಾನು ಬೇಳೆಗೆ ಇಡುವುದು, ಮೂರು ವಿಷಲ್‌ಗೆ ಆರಿಸುವುದು. ಕುಕ್ಕರಿನ ವಿಷಲ್ ನಮಗೆ ಸದ್ದಾಗಿ ಕೇಳುವುದೇ ಇಲ್ಲವಲ್ಲ, ಬೇಳೆ ಬೆಂದಿತು ಎಂದು ಕೇಳುತ್ತದೆ. ಜನ್ಮದಲ್ಲಿ ಕುಕ್ಕರ್ ನೋಡದವರಿಗೆ ಅದು ಹೇಗೆ ಕೇಳಬೇಕು? ಮಬ್ಬುಗತ್ತಲಲ್ಲಿ ಹಗ್ಗ ನೋಡಿ ಹಾವೆಂದು ಹೆದರುವವನ ಕಥೆಯನ್ನು ವೇದಾಂತಿಗಳು ನೂರು ಸಲ ಹೇಳಿದ್ದಾರೆ. ಹೆದರಿದವನ ಬಗ್ಗೆ ಹೇಳುತ್ತಾರೆ, ಹಾವಿನ ಬಗ್ಗೆ ಹೇಳುತ್ತಾರೆ, ಹಗ್ಗವನ್ನು ಯಾರೂ ಕೇಳಿಲ್ಲ. ಒಬ್ಬರ ಕಣ್ಣಿಗೆ ತಾನು ಹಾವಾಗಿದ್ದೆ ಎಂದು ತಿಳಿದಾಗ ಆ ಹಗ್ಗಕ್ಕೆ ಹೇಗಾಯಿತು ಎಂದು ನನ್ನನ್ನು ಕೇಳಿ. ಮೈಯೆಲ್ಲ ತಣ್ಣಗಾಗುತ್ತದೆ. ದೆವ್ವಕ್ಕೆ ಹೆದರಿದಾಗಲೂ ಅಷ್ಟು ತಣ್ಣಗಾಗಿರಲಿಲ್ಲ.

ನಿಂಬೆಹಣ್ಣಿನ ಕೆಳಗೆ ಇನ್ನೊಂದೇ ವಾಕ್ಯ ಇತ್ತು. ನೋಟಿಸ್ ಪತ್ರ ಬರೆದಾಗಿದೆ, ನಾಳೆ ಬೆಳಿಗ್ಗೆ ಅಂಚೆ ಡಬ್ಬಿಗೆ ಹಾಕುತ್ತೇನೆ.

ಎದ್ದು ಹಲಗೆ ನೋಡಿದೆ. ಮುಂದಿನ ಗುರುವಾರ ಬೆಳಗಿನ ತೂತಿನಲ್ಲಿ ಐದನೇ ನಂಬರಿನ ಬೀಗ. ನಮ್ಮದು ಎಂಟು. ಅಂತಸ್ತಿಗೆ ಮೂರು ಮನೆ. ಐದಕ್ಕೆ ಮೂರು ಸೇರಿಸಿದರೆ ಎಂಟು ಎಂಬ ಲೆಕ್ಕ ನನ್ನ ಐದನೇ ಕ್ಲಾಸಿ‌ನವರೂ ಮಾಡುತ್ತಿದ್ದರು. ನಾನು ನಡೆದಾಡುತ್ತಿದ್ದದ್ದು ಅವರ ತಲೆಯ ಮೇಲೆ.

ಆ ದೇಶದಲ್ಲಿ ಹೇಳದೆ ಕೇಳದೆ ಯಾರೂ ಯಾರ ಬೆಲ್ಲನ್ನೂ ಒತ್ತುವುದಿಲ್ಲ. ಮನೆಯಿಂದ ಹೊರಡುವವರೂ ಬಾಗಿಲ ಕಿಂಡಿಯಲ್ಲಿ ನೋಡಿ, ಮೆಟ್ಟಿಲಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾದಮೇಲೆ ಹೊರಡುತ್ತಾರೆ. ಅಷ್ಟು ತಿಂಗಳಲ್ಲಿ ನಾನು ಅವರನ್ನು, ಅವರು ನನ್ನನ್ನು ಒಮ್ಮೆಯೂ ಕಾಣದಿದ್ದದ್ದು ಹಾಗೆಯೇ. ಐದನೇ ನಂಬರಿನ ಮುಂದೆ ನಿಂತು ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಂಡೆ. ನಾನು ನಿಮ್ಮ ಮೇಲಿನ ಮನೆಯವಳು. ನಿಮ್ಮ ನೋಟ್‌ಬುಕ್ ಓದಿದ್ದೇನೆ, ಕ್ಷಮಿಸಿ. ನಿಮ್ಮ ಕಿವಿ ಚೆನ್ನಾಗಿದೆ, ತುಂಬ ಚೆನ್ನಾಗಿದೆ. ಬೆಲ್ ಒತ್ತಿದೆ. ಕಿಂಡಿ ಕಪ್ಪಾಯಿತು. ಬಾಗಿಲು ಒಳಗಿನ ಸರಪಣಿ ಬಿಟ್ಟಷ್ಟೇ ತೆರೆಯಿತು. ಬಿಳಿ ಕೂದಲು, ಹಣೆಗೇರಿಸಿದ ಕನ್ನಡಕ, ನನಗಿಂತ ಒಂದು ಗೇಣು ಎತ್ತರ. ನಾನು ಕದ್ದು ಕಲಿತ ಅಷ್ಟೂ ಪದಗಳು ಒಟ್ಟಿಗೆ ಎದ್ದು ಹೊರಟುಹೋದವು.

ಕೊನೆಗೆ ಅಲ್ಲೇ ಚಪ್ಪಲಿ ಬಿಟ್ಟೆ, ಕಾಲುಚೀಲ ಕಿತ್ತೆ. ಮಂಜಿನಂಥ ಕಲ್ಲಿನ ಮೇಲೆ ಬರಿಗಾಲಲ್ಲಿ ಬಾಗಿಲಿಂದ ಮೆಟ್ಟಿಲವರೆಗೆ ನಡೆದೆ, ಮೆಟ್ಟಿಲಿಂದ ಬಾಗಿಲಿಗೆ ನಡೆದೆ. ಝಲ್, ಝಲ್. ನಿಂತೆ.

ಅವರ ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು. "ಚೈನ್," ಎಂದರು, ಗಾಳಿಯಂಥ ದನಿಯಲ್ಲಿ.

"ಯೆಸ್," ಎಂದೆ. "ಪ್ಲೀಸ್ ಕಮ್. ಥ್ರೀ ಶ್ರೀಕ್ಸ್."

ಬಂದರು. ಹೆಸರು ಇಂಗೆರ್. ಅವರನ್ನು ಅಡುಗೆಮನೆಯಲ್ಲಿ ಕೂರಿಸಿ, ಹೊತ್ತಲ್ಲದ ಹೊತ್ತಿನಲ್ಲಿ ಬೇಳೆಗಿಟ್ಟೆ. ಇಬ್ಬರೂ ಕುಕ್ಕರನ್ನೇ ನೋಡುತ್ತ ಕೂತೆವು. ಹೆರಿಗೆ ವಾರ್ಡಿನ ಹೊರಗೆ ಕೂತವರ ಹಾಗಿದ್ದೆವು. ಮೊದಲ ವಿಷಲ್‌ಗೆ ಅವರು ಬೆಚ್ಚಿ ಒಂದು ಬೆರಳು ಎತ್ತಿದರು. ಎರಡನೆಯದಕ್ಕೆ ಎರಡು ಬೆರಳು. ಮೂರನೆಯದು ಕೂಗಿದಾಗ ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ನಗುವೋ ಅಳುವೋ ತಿಳಿಯಲಿಲ್ಲ, ಅವರಿಗೂ ತಿಳಿದಿರಲಿಕ್ಕಿಲ್ಲ. ಕಾರ್ಡಿಗನ್ನಿನ ಜೇಬಿನಿಂದ ಅಂಚೆಚೀಟಿ ಅಂಟಿಸಿದ್ದ ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ಬಿಸಿ ಕುಕ್ಕರನ್ನು ಎತ್ತಿ, ಎಲ್ಲಿಡಲಿ ಎಂದು ನಾನು ನೋಡುತ್ತಿದ್ದಾಗ ಆ ಲಕೋಟೆಯ ಮೇಲೆ ಬೆರಳು ತಟ್ಟಿದರು. ಇಟ್ಟೆ.

ಮೇಲಿನ ಮನೆಯ ಸದ್ದು ಎಂದು ಯಾಕೆ ಅನ್ನಿಸಲಿಲ್ಲ ಎಂದು ಕೇಳಿದೆ. ಅವರು ನಿಧಾನವಾಗಿ, ಪದ ಹುಡುಕಿ ಹುಡುಕಿ ಹೇಳಿದರು. ಮೇಲೆ ಒಬ್ಬ ಗಂಡಸು ಇದ್ದಾನೆ, ಬೆಳಿಗ್ಗೆ ಏಳಕ್ಕೆ ಹೋಗುತ್ತಾನೆ. ಬಾಗಿಲಲ್ಲಿ ಅವನ ಹೆಸರು ಮಾತ್ರ ಇದೆ. ಹೆಂಡತಿ ಇದ್ದರೂ ಅವಳೂ ಕೆಲಸಕ್ಕೆ ಹೋಗಿರಬೇಕಲ್ಲ? ಹಗಲು ಹೊತ್ತಿನಲ್ಲಿ ದುಡಿಯುವ ವಯಸ್ಸಿನ, ಕೈಕಾಲು ಗಟ್ಟಿಯಿರುವ ಹೆಂಗಸು ಮನೆಯಲ್ಲಿರುವುದು ಸಾಧ್ಯ ಎಂದು ಅವರಿಗೆ ತೋಚಿಯೇ ಇರಲಿಲ್ಲ. ಅದಕ್ಕಿಂತ ದೆವ್ವವನ್ನು ನಂಬುವುದು ಸುಲಭವಾಗಿತ್ತು, ಅದಕ್ಕಿಂತಲೂ ತನಗೆ ಹುಚ್ಚು ಹಿಡಿಯುತ್ತಿದೆ ಎಂದು ನಂಬುವುದು.

ನೆಲಮಾಳಿಗೆಯಿಂದ ನೋಟ್‌ಬುಕ್ಕನ್ನು ತಂದು ನಡುವೆ ಇಟ್ಟುಕೊಂಡು ಒಂದೊಂದಾಗಿ ಲೆಕ್ಕ ಚುಕ್ತಾ ಮಾಡಿದೆವು. ಚೈನ್, ನಾನು. ಶ್ರೀಕ್, ನಾನು. ಓಡರ್, ನಾನು, ಗಂಟೆಯೂ ನಾನೇ, ನಿಂಬೆಹಣ್ಣು ನಾನು, ಅದು ನಿಮ್ಮ ಒಳ್ಳೆಯದಕ್ಕೆ. 'ವಿಸ್ಪರ್' ಬಂತು. ಅದು ನಾನಲ್ಲ ಅಂದೆ. ನೆಲಮಾಳಿಗೆಯಲ್ಲಿ ನಾನು ಅಂಕಿ ಎಣಿಸಿದವಳಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ಪೆನ್ನಿನಿಂದ ಆ ಪದವನ್ನು ನಿಧಾನವಾಗಿ ಹೊಡೆದು ಹಾಕಿದರು. ನಾವಿಬ್ಬರೂ ಅದನ್ನು ಇಂದಿಗೂ ಕಲಿತಿಲ್ಲ. ಅಂದಿನಿಂದ ಬಟ್ಟೆ ಒಗೆಯಲು ಮಾತ್ರ ಒಟ್ಟಿಗೇ ಇಳಿಯುತ್ತಿದ್ದೆವು.

ಹಾಳೆ ತಿರುಗಿಸಿದರು. ಅವರ ಬೆರಳು 'ವೀಪ್' ಮೇಲೆ ನಿಂತಿತು.

ರೇಡಿಯೋ ಅನ್ನಬಹುದಿತ್ತು. ಟಿವಿ ಅನ್ನಬಹುದಿತ್ತು. ಅಷ್ಟು ಸುಳ್ಳಿಗೆ ಬೇಕಾದ ಇಂಗ್ಲಿಷ್ ನನ್ನಲ್ಲಿತ್ತು. ಪ್ರತಿ ದಿನ ನಾಲ್ಕಕ್ಕೆ, ಕತ್ತಲು ಕಿಟಕಿಗೆ ಬಂದು ಒರಗಿದಾಗ, ಬೆಂಗಳೂರಿನಲ್ಲಿ ಈಗ ಎಂಟೂವರೆ, ನನ್ನನ್ನು ಬಿಟ್ಟು ಎಲ್ಲರೂ ಊಟಕ್ಕೆ ಕೂತಿರುತ್ತಾರೆ ಎಂದು ನೆನಪಾಗಿ, ಮಂಚದ ಪಕ್ಕ ನೆಲದ ಮೇಲೆ ಕೂತು ನಾನು ಅಳುತ್ತಿದ್ದೆ. ರಘುಗೆ ಗೊತ್ತಿರಲಿಲ್ಲ. ನನಗೂ ಗೊತ್ತಿಲ್ಲದ ಹಾಗೆ ಮುಖ ತೊಳೆದು ದೀಪ ಹಚ್ಚಿಬಿಡುತ್ತಿದ್ದೆ. ದಿನ ಹೇಗೆ ಕಳೆಯುತ್ತೀರಿ ಎಂದು ಕೇಳಿದವರಿಗೆ ಗುಡ್ ಅಂದಿದ್ದೆ.

"ಅದೂ ನಾನೇ," ಎಂದೆ.

ಇಂಗೆರ್ ತಲೆಯಾಡಿಸಿದರು. "ಅದೊಂದಕ್ಕೆ ನನಗೆ ಹೆದರಿಕೆ ಆಗಲಿಲ್ಲ," ಎಂದರು. "ಅದು ಶುರುವಾದಾಗ ಟಿವಿ ಆರಿಸುತ್ತಿದ್ದೆ. ನಿಲ್ಲುವವರೆಗೆ ಕೆಳಗೆ ಕೂತಿರುತ್ತಿದ್ದೆ. ಯಾರೇ ಆಗಿರಲಿ, ಒಬ್ಬರೇ ಅಳಬಾರದು ಅಂತ."

ನಾನು ಅಲ್ಲೇ ಅತ್ತೆ. ಕೇಳಿಸಿಕೊಳ್ಳುವವರು ಎದುರಿಗೇ ಇದ್ದರು.

ಮರುದಿನ ನಾಲ್ಕು ಗಂಟೆಗೆ ಅಭ್ಯಾಸಬಲದಿಂದ ಮಂಚದ ಪಕ್ಕ ಕೂತೆ. ನೆಲದ ಕೆಳಗಿನಿಂದ ಎರಡು ಸಲ ಟಕ್ ಟಕ್ ಎಂದಿತು. ಮೇಲಿನವರ ಗಲಾಟೆ ಹೆಚ್ಚಾದರೆ ಕೆಳಗಿನವರು ಪೊರಕೆಯ ಹಿಡಿಯಿಂದ ಸೂರು ಕುಟ್ಟುವುದು ಆ ಕಡೆಯ ಪದ್ಧತಿ. ನಾನಿನ್ನೂ ಗಲಾಟೆ ಶುರುವೇ ಮಾಡಿರಲಿಲ್ಲ. ಎದ್ದು ಕಾಫಿಗೆ ನೀರಿಟ್ಟೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು.

ಗುರುವಾರ ನೆಲಮಾಳಿಗೆಯಲ್ಲಿ ನೋಟ್‌ಬುಕ್ಕನ್ನು ಅವರೇ ನನ್ನ ಮುಂದೆ ತೆರೆದಿಟ್ಟರು. ಹೊಸ ಪದ 'ಅಪ್‌ಸ್ಟೇರ್ಸ್'. ಅರ್ಥ ಅವರ ದುಂಡು ಅಕ್ಷರದಲ್ಲಿತ್ತು. ವಾಕ್ಯದ ಜಾಗ ಖಾಲಿ ಬಿಟ್ಟು ಪೆನ್ನು ನನ್ನ ಕೈಗೆ ಕೊಟ್ಟರು. ಎಷ್ಟೋ ಮಕ್ಕಳ ವಾಕ್ಯ ತಿದ್ದಿದವಳು ನಾನು. ಬಹಳ ಹೊತ್ತು ಯೋಚಿಸಿ ಬರೆದೆ, 'ನಾನು ಮೇಲೆ ಇದ್ದೇನೆ.' ಐದನೇ ಕ್ಲಾಸಿನವರೂ ಇದಕ್ಕಿಂತ ಚೆನ್ನಾಗಿ ಬರೆಯುತ್ತಿದ್ದರು. ಇಂಗೆರ್ ಕನ್ನಡಕ ಇಳಿಸಿಕೊಂಡು ಓದಿದರು, ಕೈಚೀಲದಿಂದ ಕೆಂಪು ಪೆನ್ಸಿಲ್ ತೆಗೆದು ಪಕ್ಕದಲ್ಲಿ ಒಂದು ರೈಟ್ ಹಾಕಿದರು, ಅದರ ಕೆಳಗೆ 'ಗುಡ್' ಎಂದು ಬರೆದರು.